ಪುಡಿ ಹಿಮದಲ್ಲಿ ಸ್ಲೆಡ್ ಮಾತು ಕೇಳದಿದ್ದರೆ: ಸ್ನೋಮೊಬೈಲ್ ಸಸ್ಪೆನ್ಷನ್ ದೋಷ ನಿವಾರಣೆ

ನಮ್ಮಲ್ಲಿ ಹೆಚ್ಚಿನವರು ಸ್ನೋಮೊಬೈಲನ್ನು (ಹಿಮದ ಮೇಲೆ ಓಡಿಸುವ ಗಾಡಿ, ಸವಾರರ ಮಾತಲ್ಲಿ ಸ್ಲೆಡ್) ಮೊದಲು ನೋಡುವುದು ಗುಲ್‌ಮಾರ್ಗ್‌ನಲ್ಲಿ ಅಥವಾ ಮನಾಲಿ ಕಡೆ. ಸ್ವಲ್ಪ ಹೊತ್ತಿನ ಸವಾರಿ, ಒಂದೆರಡು ಫೋಟೊ, ಅಷ್ಟೇ. ಅಮೆರಿಕದ ಯೂಟಾ, ಐಡಹೊ, ಕೊಲೊರಾಡೊ ಅಥವಾ ಕೆನಡಾದ ಬ್ರಿಟಿಷ್ ಕೊಲಂಬಿಯಾ ಕಡೆ ನೆಲೆಸಿದ ಕೆಲವರಿಗೆ ಮಾತ್ರ ಅದು ಚಳಿಗಾಲದ ಹುಚ್ಚಾಗಿ ಹತ್ತಿಕೊಳ್ಳುತ್ತದೆ. ನನಗೂ ಹತ್ತಿಕೊಂಡಿತು. ನಾನಿರುವುದು ಉತ್ತರ ಯೂಟಾದಲ್ಲಿ. ಲೋಗನ್ ಕಣಿವೆಯ ಮೇಲ್ಭಾಗದ ಟೋನಿ ಗ್ರೋವ್, ಫ್ರಾಂಕ್ಲಿನ್ ಬೇಸಿನ್ ಸುತ್ತ ಓಡಿಸುತ್ತೇನೆ.

ನಾನು ಕೊಂಡದ್ದು ಹಳೆಯ ಸ್ಲೆಡ್. ಮೊದಲ ಚಳಿಗಾಲ ಪೂರ್ತಿ ಸಲಿಕೆ ಹಿಡಿದು ಅದನ್ನು ಹಿಮದಿಂದ ಅಗೆದು ತೆಗೆಯುವುದರಲ್ಲೇ ಕಳೆಯಿತು. ಗಾಡಿ ಕೆಟ್ಟಿರಲಿಲ್ಲ. ಸಸ್ಪೆನ್ಷನ್ ಬೇರೆ ಯಾರದೋ ಮೈತೂಕಕ್ಕೆ ಕೂಡಿಸಿದ್ದಾಗಿತ್ತು, ಜೊತೆಗೆ ಒಂದು ಚಿಕ್ಕ ಪಟ್ಟಿ ಹರಿದಿತ್ತು. ಆಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮುಂದಿನ ಮೂರು ಭಾಗಗಳನ್ನು ಬಿಡಬೇಡಿ.

ಭಾರ ಎಲ್ಲಿ ಕೂತಿದೆ?

ಸ್ನೋಮೊಬೈಲ್ ಮೂರು ಕಡೆ ಭಾರ ಊರುತ್ತದೆ: ಮುಂದಿನ ಎರಡು ಸ್ಕೀಗಳ ಮೇಲೆ, ಕೆಳಗೆ ಸುತ್ತುವ ರಬ್ಬರ್ ಪಟ್ಟೆಯಾದ ಟ್ರ್ಯಾಕ್‌ನ ಮುಂಭಾಗದ ಮೇಲೆ, ಟ್ರ್ಯಾಕ್‌ನ ಹಿಂಭಾಗದ ಮೇಲೆ. ಸ್ಕೀಗಳಿಗೆ ಒಂದೊಂದು ಶಾಕ್, ಅಂದರೆ ಶಾಕ್ ಅಬ್ಸಾರ್ಬರ್, ಇದೆ. ಟ್ರ್ಯಾಕ್ ಒಳಗಿರುವ ಸ್ಕಿಡ್ ಎಂಬ ಚೌಕಟ್ಟಿನಲ್ಲಿ ಇನ್ನೆರಡು: ಫ್ರಂಟ್ ಟ್ರ್ಯಾಕ್ ಶಾಕ್ ಮತ್ತು ರಿಯರ್ ಟ್ರ್ಯಾಕ್ ಶಾಕ್. ಸ್ಕಿಡ್‌ನ ಮುಂಭಾಗ ಎಷ್ಟು ಕೆಳಗೆ ಇಳಿಯಬಹುದು ಎಂದು ತಡೆದು ಹಿಡಿಯುವುದು ಲಿಮಿಟರ್ ಸ್ಟ್ರ್ಯಾಪ್, ಅಂದರೆ ತೂತುಗಳಿರುವ ಒಂದು ಗಟ್ಟಿ ಪಟ್ಟಿ. ಕೆಲವು ಸ್ಲೆಡ್‌ಗಳಲ್ಲಿ ಒಂದು, ಕೆಲವುಗಳಲ್ಲಿ ಎರಡು ಇರುತ್ತವೆ.

ಗ್ಯಾಸ್ ಕೊಟ್ಟಾಗ ಭಾರ ಹಿಂದಕ್ಕೆ ಸರಿಯುತ್ತದೆ, ಬಿಟ್ಟಾಗ ಮುಂದಕ್ಕೆ. ಗಟ್ಟಿ ಟ್ರೇಲ್ ಮೇಲೆ ಇದು ಜಾಸ್ತಿ ತೊಂದರೆ ಕೊಡುವುದಿಲ್ಲ, ಕೆಳಗೆ ನೆಲ ಇದೆಯಲ್ಲ. ಸೊಂಟದುದ್ದ ಪುಡಿ ಹಿಮದಲ್ಲಿ ಕೆಳಗೆ ನೆಲವೇ ಇಲ್ಲ. ಟ್ರ್ಯಾಕ್ ಹಿಮವನ್ನು ಅದುಮಿ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳಬೇಕು. ಅದಕ್ಕೇ ಬೆಟ್ಟದ ಸ್ಲೆಡ್‌ಗಳ ಟ್ರ್ಯಾಕ್ 155, 165 ಇಂಚು ಉದ್ದ ಇರುತ್ತದೆ, ಹಲ್ಲುಗಳು ಎರಡೂವರೆಯಿಂದ ಮೂರು ಇಂಚು ಎತ್ತರ ಇರುತ್ತವೆ. ಅಷ್ಟು ಉದ್ದದ ಟ್ರ್ಯಾಕ್ ಇದ್ದೂ ಭಾರ ತಪ್ಪು ಜಾಗದಲ್ಲಿ ಕೂತರೆ ಉಪಯೋಗವಿಲ್ಲ. ಮುಂದೆ ಯಾವ ಲಕ್ಷಣ ನೋಡಿದರೂ ನಾವು ಕೇಳುವ ಪ್ರಶ್ನೆ ಒಂದೇ: ಭಾರ ಈಗ ಎಲ್ಲಿ ಕೂತಿದೆ, ಎಲ್ಲಿ ಕೂರಬೇಕಿತ್ತು?

ಕೈ ಹಾಕುವ ಮುಂಚೆ

ಎಂಜಿನ್ ಆಫ್ ಮಾಡಿ, ಕೀ ತೆಗೆಯಿರಿ. ಟೆದರ್ (ಕಿತ್ತರೆ ಎಂಜಿನ್ ನಿಲ್ಲಿಸುವ ಹಗ್ಗ) ಇದ್ದರೆ ಅದನ್ನೂ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಸ್ಲೆಡ್ 200 ಕೆಜಿ ಆಸುಪಾಸಿನ ವಸ್ತು. ಹಿಂಭಾಗ ಎತ್ತಿದರೆ ಅದಕ್ಕೇ ಮಾಡಿದ ಸ್ಟ್ಯಾಂಡ್ ಮೇಲೆ ಕೂರಿಸಿ, ಇಟ್ಟಿಗೆ, ಮರದ ತುಂಡು ಬೇಡ.

ಟ್ರ್ಯಾಕನ್ನು ಗಾಳಿಯಲ್ಲಿ ತಿರುಗಿಸಿ ನೋಡುವಾಗ ಹಿಂದೆ ಯಾರೂ ನಿಲ್ಲಬಾರದು. ಸಿಕ್ಕಿಕೊಂಡ ಮಂಜುಗಡ್ಡೆ, ಸಡಿಲವಾದ ಲೋಹದ ಕ್ಲಿಪ್ ಕಲ್ಲಿನ ಹಾಗೆ ಎಗರಿ ಬರುತ್ತವೆ. ತಿರುಗುವ ಟ್ರ್ಯಾಕ್ ಹತ್ತಿರ ಕೈ, ಸ್ಕಾರ್ಫ್, ಜಾಕೆಟ್ ತುದಿ ಯಾವುದೂ ಹೋಗಬಾರದು. ಬಾಗಿಲು ಮುಚ್ಚಿದ ಗ್ಯಾರೇಜ್‌ನಲ್ಲಿ ಎಂಜಿನ್ ಹಚ್ಚಲೇಬೇಡಿ. ಚಳಿ ಎಂದು ಬಾಗಿಲು ಹಾಕಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಸ್ಪ್ರಿಂಗ್ ಬಗ್ಗೆಯೂ ಹುಷಾರು. ಹಿಂದೆ ಟಾರ್ಷನ್ ಸ್ಪ್ರಿಂಗ್ ಇರುವ ಸ್ಲೆಡ್ ಆದರೆ ಅದರ ಕ್ಯಾಮ್ ತಿರುಗಿಸಲು ಅದರದ್ದೇ ಟೂಲ್ ಬಳಸಿ. ಸ್ಕ್ರೂಡ್ರೈವರ್ ಹಾಕಿ ಎತ್ತಲು ಹೋಗಿ ಬೆರಳು ಮುರಿದುಕೊಂಡವರಿದ್ದಾರೆ.

ಸ್ಕ್ರೂ ಮುಟ್ಟುವ ಮೊದಲು ಕಾಸಿಲ್ಲದ ನಾಲ್ಕು ತಪಾಸಣೆ

ಸಸ್ಪೆನ್ಷನ್ ಸರಿಯಿಲ್ಲ ಎಂದು ಬರುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಮುಗಿಯುತ್ತವೆ.

ಮೊದಲನೆಯದು ಮಂಜುಗಡ್ಡೆ. ನಿನ್ನೆ ಓಡಿಸಿದ ಸ್ಲೆಡ್ಡನ್ನು ಹಾಗೇ ಟ್ರೇಲರ್ ಮೇಲೆ ಬಿಟ್ಟರೆ ಸ್ಕಿಡ್ ಒಳಗಿನ ಒದ್ದೆ ಹಿಮ ರಾತ್ರಿ ಕಲ್ಲಾಗುತ್ತದೆ. ಶಾಕ್ ಸುತ್ತ, ತೋಳುಗಳ ಸಂದಿಯಲ್ಲಿ ಗಡ್ಡೆ ಕಟ್ಟಿದರೆ ಸಸ್ಪೆನ್ಷನ್ ಅಲುಗಾಡುವುದೇ ಇಲ್ಲ. ಹಿಂದಿನ ಬಂಪರ್ ಮೇಲೆ ಪೂರ್ತಿ ಭಾರ ಹಾಕಿ ನಾಲ್ಕೈದು ಸಲ ಕುಕ್ಕಿ. ಮೆತ್ತಗೆ ಇಳಿದು ನಿಧಾನಕ್ಕೆ ಮೇಲೆ ಬರಬೇಕು. ಬಂಡೆ ಮೇಲೆ ಕುಕ್ಕಿದ ಹಾಗಾದರೆ ಮೊದಲು ಬಗ್ಗಿ ನೋಡಿ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಗಡ್ಡೆ ಉದುರಿಸಿ, ಶಾಕ್‌ನ ಹೊಳೆಯುವ ದಂಡಕ್ಕೆ ಮಾತ್ರ ಏಟು ಬೀಳದಿರಲಿ.

ಎರಡನೆಯದು ಟ್ರ್ಯಾಕ್ ಬಿಗಿ. ಮ್ಯಾನ್ಯುಯಲ್ ಹೇಳಿದ ಜಾಗದಲ್ಲಿ ಹೇಳಿದಷ್ಟು ತೂಕ ತೂಗುಹಾಕಿ, ಟ್ರ್ಯಾಕ್ ಎಷ್ಟು ಜೋತು ಬೀಳುತ್ತದೆ ಅಂತ ಅಳೆಯಿರಿ. ಅಳತೆ ಕಂಪನಿಗೊಂದು, ಮಾದರಿಗೊಂದು, ಅದಕ್ಕೇ ಇಲ್ಲಿ ಸಂಖ್ಯೆ ಕೊಡುತ್ತಿಲ್ಲ. ಜಾಸ್ತಿ ಸಡಿಲವಾದರೆ ಗ್ಯಾಸ್ ಕೊಟ್ಟಾಗ ಕೆಳಗಿಂದ ಟಕಟಕ ಸದ್ದು ಬರುತ್ತದೆ. ಡ್ರೈವ್ ಗಾಲಿಯ ಹಲ್ಲು ಟ್ರ್ಯಾಕ್ ಮೇಲೆ ಹಾರುತ್ತಿದೆ ಎಂದರ್ಥ. ಜಾಸ್ತಿ ಬಿಗಿಯಾದರೆ ಸ್ಲೆಡ್ ಮಂದವಾಗುತ್ತದೆ, ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಹೈಫ್ಯಾಕ್ಸ್, ಬೇಗ ಸವೆಯುತ್ತದೆ.

ಮೂರನೆಯದು ಗಾಳಿ. ಗಾಳಿ ತುಂಬುವ ಶಾಕ್ ಇದ್ದವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಸಾಲ್ಟ್ ಲೇಕ್ ಸಿಟಿ ಸುಮಾರು 4,200 ಅಡಿ ಎತ್ತರದಲ್ಲಿದೆ. ಅಲ್ಲಿನ 20 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ಗ್ಯಾರೇಜ್‌ನಲ್ಲಿ ಶಾಕ್‌ಗೆ 60 ಪಿಎಸ್‌ಐ ತುಂಬಿದಿರಿ ಎನ್ನೋಣ. 8,000 ಅಡಿ ಮೇಲೆ, ಮೈನಸ್ 15 ಡಿಗ್ರಿಯಲ್ಲಿ ಅಳೆದರೆ ಚಳಿಗೇ 8, 9 ಪಿಎಸ್‌ಐ ಇಳಿದಿರುತ್ತದೆ. ಹೊರಗಿನ ಗಾಳಿ ತೆಳುವಾದ ಕಾರಣ ಗೇಜ್ ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಕೂಡಿ ಕಳೆದರೆ ಗೇಜ್‌ನಲ್ಲಿ 53ರ ಹತ್ತಿರ ಕಾಣುತ್ತದೆ. ಗ್ಯಾರೇಜ್‌ನಲ್ಲಿ ಸರಿಯಿದ್ದ ಸ್ಲೆಡ್ ಬೆಟ್ಟದ ಮೇಲೆ ಯಾಕೆ ಕುಸಿದು ಕೂರುತ್ತದೆ ಅಂತ ಈಗ ಗೊತ್ತಾಯ್ತಲ್ವಾ? ಪಾರ್ಕಿಂಗ್ ತಲುಪಿ, ಸ್ಲೆಡ್ ಹೊರಗೆ ಅರ್ಧ ಗಂಟೆ ತಣ್ಣಗಾದ ಮೇಲೆ ಗಾಳಿ ನೋಡಿ. ಕಾರಿನ ಟೈರ್ ಪಂಪ್ ಬೇಡ, ಶಾಕ್ ಪಂಪೇ ಬೇಕು. ಪಂಪ್ ಬಿಚ್ಚುವಾಗ ಬರುವ ಪುಸ್ ಸದ್ದು ಸಾಮಾನ್ಯವಾಗಿ ಮೆದುಗೊಳವೆಯೊಳಗಿನ ಗಾಳಿಯದ್ದು. ಅದಕ್ಕೆ ಹೆದರಿ ಮತ್ತೆ ಮತ್ತೆ ಪಂಪ್ ಹಾಕಿದರೆ ಪ್ರತಿ ಸಲ ಮೆದುಗೊಳವೆ ತುಂಬಲು ಶಾಕ್‌ನದ್ದೇ ಗಾಳಿ ಸ್ವಲ್ಪ ಹೋಗುತ್ತದೆ.

ನಾಲ್ಕನೆಯದು, ಪುಸ್ತಕ ಪೆನ್ಸಿಲ್. ಈಗಿರುವುದನ್ನು ಬರೆದಿಡಿ: ಸ್ಟ್ರ್ಯಾಪ್ ಯಾವ ತೂತಿನಲ್ಲಿದೆ, ಸ್ಪ್ರಿಂಗ್ ಮೇಲೆ ತಿರುಪಿನ ಎಷ್ಟು ಸುತ್ತು ಕಾಣುತ್ತಿದೆ, ಕ್ಲಿಕರ್ (ಶಾಕ್‌ನ ಗಟ್ಟಿತನ ಬದಲಿಸುವ ತಿರುಪು) ಪೂರ್ತಿ ಬಿಗಿಯಿಂದ ಎಷ್ಟು ಕ್ಲಿಕ್ ಹೊರಗಿದೆ. ಚಳಿಯಲ್ಲಿ ಪೆನ್ನು ಬರೆಯುವುದಿಲ್ಲ, ಪೆನ್ಸಿಲ್ಲೇ ಇರಲಿ.

ಲಕ್ಷಣ: ಗ್ಯಾಸ್ ಕೊಟ್ಟ ಕೂಡಲೇ ಹಿಂಭಾಗ ಗುಂಡಿ ತೋಡುತ್ತದೆ

ಎಲ್ಲರೂ ಮೊದಲು ಹೇಳುವ ದೂರು ಇದೇ. ಇಲ್ಲಿನವರು ಟ್ರೆಂಚಿಂಗ್ ಅನ್ನುತ್ತಾರೆ. ಸ್ಲೆಡ್ ಮುಂದೆ ಹೋಗುವ ಬದಲು ಕೆಳಗೆ ಹೋಗುತ್ತದೆ. ಹಿಂಭಾಗ ಮುಳುಗಿ, ಮೂತಿ ಆಕಾಶ ನೋಡುತ್ತಾ ನಿಂತುಬಿಡುತ್ತದೆ.

ಮೊದಲು ಕೈ ನೋಡಿಕೊಳ್ಳಿ. ನಾಟಿ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತಾಗ ಏನಾಗುತ್ತದೆ ಅಂತ ಮಂಡ್ಯ ಕಡೆಯವರಿಗೆ ಹೇಳಬೇಕಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಕೆಳಗೆ ಇಳಿಯುತ್ತದೆ. ಇಲ್ಲೂ ಅದೇ. ಹೊರಡುವಾಗ ಪೂರ್ತಿ ಗ್ಯಾಸ್ ಕೊಡಬೇಡಿ. ಸೀಟಿನ ಹಿಂದಕ್ಕೆ ಕೂರಬೇಡಿ. ಎದ್ದು ನಿಂತು, ಮೈ ಸ್ವಲ್ಪ ಮುಂದೆ ಇಟ್ಟು, ಟ್ರ್ಯಾಕ್ ಹಿಮವನ್ನು ಹಿಡಿಯುವಷ್ಟು ಮಾತ್ರ ಗ್ಯಾಸ್ ಕೊಡಿ. ನಿಲ್ಲಿಸುವಾಗಲೂ ಸಾಧ್ಯವಾದರೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ. ಇದರಿಂದಲೇ ಸರಿಹೋದರೆ ಯಾವ ನಟ್ಟೂ ಮುಟ್ಟಬೇಕಿಲ್ಲ.

ಆಮೇಲೆ ಒಂದು ಪ್ರಶ್ನೆ: ಇದು ಮೊದಲಿಂದ ಹೀಗೇ ಇತ್ತಾ, ಇದ್ದಕ್ಕಿದ್ದಂತೆ ಶುರುವಾಯಿತಾ? ಇದ್ದಕ್ಕಿದ್ದಂತೆ ಅಂದರೆ ಯಾವುದೋ ಭಾಗ ಮುರಿದಿದೆ. ನನ್ನದು ಹಾಗೇ ಆಗಿತ್ತು. ಒಂದು ಶನಿವಾರ ಮಧ್ಯಾಹ್ನದವರೆಗೆ ಹೇಗೋ ಓಡುತ್ತಿದ್ದ ಸ್ಲೆಡ್ ಊಟದ ನಂತರ ಪ್ರತಿ ಐವತ್ತು ಗಜಕ್ಕೆ ಹೂಳತೊಡಗಿತು. ನಾನು ಆಗಲೇ ಸ್ಪ್ಯಾನರ್ ತೆಗೆದಿದ್ದೆ. ಜೊತೆಗಿದ್ದ ಹಾಸನದ ಹುಡುಗ ತಡೆದ. "ಅಣ್ಣಾ, ಸ್ಪ್ರಿಂಗ್ ಮುಟ್ಟೋಕೆ ಮುಂಚೆ ಒಂದ್ಸಲ ಕೆಳಗೆ ಬಗ್ಗಿ ನೋಡೋಣ." ಬಗ್ಗಿ ನೋಡಿದರೆ ಲಿಮಿಟರ್ ಸ್ಟ್ರ್ಯಾಪ್ ಬೋಲ್ಟ್‌ನ ತೂತಿನ ಹತ್ತಿರ ಹರಿದು ನೇತಾಡುತ್ತಿತ್ತು. ಸ್ಟ್ರ್ಯಾಪ್ ಹೋದರೆ ಸ್ಕಿಡ್‌ನ ಮುಂಭಾಗ ಪೂರ್ತಿ ಕೆಳಗಿಳಿದು ಟ್ರ್ಯಾಕ್ ಹಿಮವನ್ನು ಕಡಿದಾದ ಕೋನದಲ್ಲಿ ಅಗೆಯುತ್ತದೆ. ಅಷ್ಟೇ ಅಲ್ಲ, ಸ್ಟ್ರ್ಯಾಪ್ ತಡೆಯಬೇಕಿದ್ದ ಎಳೆತವನ್ನೆಲ್ಲ ಫ್ರಂಟ್ ಟ್ರ್ಯಾಕ್ ಶಾಕ್ ತಿನ್ನಬೇಕಾಗುತ್ತದೆ. ಹಾಗೇ ಓಡಿಸಿದರೆ ದುಬಾರಿ ಶಾಕ್ ಹಾಳು. ಅವತ್ತು ನಿಧಾನವಾಗಿ ಟ್ರೇಲ್ ಹಿಡಿದು ವಾಪಸ್ ಬಂದೆವು. ಅಂದಿನಿಂದ ಪ್ರತಿ ಸಲ ಹೊರಡುವ ಮುಂಚೆ ಆ ಪಟ್ಟಿಯನ್ನು ಕೈಯಿಂದ ಮುಟ್ಟಿ ನೋಡುತ್ತೇನೆ, ತೂತಿನ ಅಂಚಲ್ಲಿ ಬಿರುಕು, ನಾರು ಎದ್ದಿದ್ದು ಏನಾದರೂ ಇದೆಯಾ ಎಂದು.

ಏನೂ ಮುರಿದಿಲ್ಲ, ಮೊದಲಿಂದಲೂ ಹೀಗೇ ಎಂದಾದರೆ ಈ ಕ್ರಮದಲ್ಲಿ ಹೋಗಿ.

ಫ್ರಂಟ್ ಟ್ರ್ಯಾಕ್ ಶಾಕ್‌ನ ಪ್ರಿಲೋಡ್, ಅಂದರೆ ಅದನ್ನು ಮೊದಲೇ ಎಷ್ಟು ಬಿಗಿ ಮಾಡಿಟ್ಟಿದೆ ಎಂದು ನೋಡಿ. ಅದು ಜಾಸ್ತಿ ಬಿಗಿಯಿದ್ದರೆ ಟ್ರ್ಯಾಕ್‌ನ ಮೂತಿಯನ್ನು ಕೆಳಕ್ಕೆ ತಳ್ಳುತ್ತದೆ, ಟ್ರ್ಯಾಕ್ ಹಿಮದ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ. ಸ್ಪ್ರಿಂಗ್ ಶಾಕ್ ಆದರೆ ಒಂದೆರಡು ಸುತ್ತು, ಗಾಳಿಯದ್ದಾದರೆ 3ರಿಂದ 5 ಪಿಎಸ್‌ಐ ಇಳಿಸಿ ಓಡಿಸಿ ನೋಡಿ. ಸ್ಪ್ರಿಂಗ್ ಪೂರ್ತಿ ಸಡಿಲವಾಗಿ ಗಲಗಲ ಅನ್ನುವವರೆಗೆ ಬಿಡಬೇಡಿ.

ಅದು ಸಾಲದಿದ್ದರೆ ಲಿಮಿಟರ್ ಸ್ಟ್ರ್ಯಾಪನ್ನು ಒಂದು ತೂತು ಗಿಡ್ಡ ಮಾಡಿ. ಒಂದೇ. ಇದರ ಪರಿಣಾಮ ದೊಡ್ಡದು. ಎರಡು ಸ್ಟ್ರ್ಯಾಪ್ ಇದ್ದರೆ ಎರಡೂ ಒಂದೇ ತೂತಿನಲ್ಲಿರಬೇಕು, ಇಲ್ಲದಿದ್ದರೆ ಸ್ಕಿಡ್ ಸೊಟ್ಟಗಾಗುತ್ತದೆ. ಬೋಲ್ಟ್ ಮೇಲೆ ಶಾಕ್‌ನ ಒತ್ತಡ ಇರುತ್ತದೆ. ಮೊದಲು ರ‍್ಯಾಚೆಟ್ ಬೆಲ್ಟ್ ಹಾಕಿ ಮುಂದಿನ ತೋಳನ್ನು ರೈಲ್ (ಸ್ಕಿಡ್‌ನ ಉದ್ದನೆಯ ಹಳಿ) ಕಡೆಗೆ ಎಳೆದು ಹಿಡಿಯಿರಿ, ಆಮೇಲೆ ಬಿಚ್ಚಿ. ನಡುವೆ ಬೆರಳು ತೂರಿಸಬೇಡಿ. ಗಿಡ್ಡ ಮಾಡಿದ ಮೇಲೆ ಟ್ರ್ಯಾಕ್ ಬಿಗಿಯನ್ನು ಇನ್ನೊಮ್ಮೆ ನೋಡಿ, ಅದು ಬದಲಾಗಿರಬಹುದು.

ಕೊನೆಗೆ ಹಿಂಭಾಗ. ರಿಯರ್ ಟ್ರ್ಯಾಕ್ ಶಾಕ್ ಮೆತ್ತಗಿದ್ದರೆ ಗ್ಯಾಸ್ ಕೊಟ್ಟಾಗ ಹಿಂದೆ ಕುಸಿದು ಕೂರುತ್ತದೆ, ಗುಂಡಿಗೆ ಅದೂ ಕಾರಣ. ಬೆನ್ನಿಗೆ ಭಾರದ ಬ್ಯಾಗ್, ಸ್ಲೆಡ್ ಹಿಂದೆ ಪೆಟ್ರೋಲ್ ಕ್ಯಾನ್ ಕಟ್ಟಿಕೊಂಡ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ.

ಲಕ್ಷಣ: ಏರುವಾಗ ಸ್ಕೀ ಮೇಲೇಳುತ್ತದೆ, ಹ್ಯಾಂಡಲ್ ತಿರುಗಿಸಿದರೂ ತಿರುಗುವುದಿಲ್ಲ

ಇದು ಗುಂಡಿ ತೋಡುವುದರ ಒಡಹುಟ್ಟು. ಭಾರ ಪೂರ್ತಿ ಹಿಂದಕ್ಕೆ ಹೋಗಿದೆ. ಸ್ವಲ್ಪ ಸ್ಕೀ ಏಳುವುದು ತಪ್ಪಲ್ಲ, ಪುಡಿ ಹಿಮದಲ್ಲಿ ಮೂತಿ ಹಗುರವಾಗಿರಬೇಕು. ತಿರುಗಿಸಲು ಆಗದಷ್ಟು ಎದ್ದರೆ, ಅದೂ ಮರಗಳ ನಡುವೆ, ಅಪಾಯ.

ಮೈ ಮುಂದೆ ತನ್ನಿ. ಆಮೇಲೆ ರಿಯರ್ ಶಾಕ್‌ನ ಪ್ರಿಲೋಡ್ ಸ್ವಲ್ಪ ಏರಿಸಿ. ಆಮೇಲೆ ಸ್ಟ್ರ್ಯಾಪ್ ಒಂದು ತೂತು ಗಿಡ್ಡ. ಕೆಲವು ಸ್ಲೆಡ್‌ಗಳಲ್ಲಿ ಹಿಂದಿನ ತೋಳಿಗೆ ಕಪ್ಲಿಂಗ್ ಬ್ಲಾಕ್ ಇರುತ್ತದೆ. ಭಾರ ಎಷ್ಟು ಹಿಂದಕ್ಕೆ ಸರಿಯಬಹುದು ಎನ್ನುವುದನ್ನು ಅದು ಕಟ್ಟಿಹಾಕುತ್ತದೆ. ಅದನ್ನು ಮ್ಯಾನ್ಯುಯಲ್ ತೋರಿಸಿದ ದಿಕ್ಕಿನಲ್ಲಿ ಒಂದು ಹಂತ ತಿರುಗಿಸಬಹುದು.

ಲಕ್ಷಣ: ಹ್ಯಾಂಡಲ್ ಭಾರ, ಮೂತಿ ಹಿಮದೊಳಗೆ ನುಗ್ಗುತ್ತದೆ

ಈಗ ಉಲ್ಟಾ ಸಮಸ್ಯೆ. ಸ್ಕೀ ಮೇಲೆ ಭಾರ ಜಾಸ್ತಿ. ಅರ್ಧ ದಿನಕ್ಕೇ ತೋಳು ಸೋತು ಹೋಗುತ್ತದೆ. ಗ್ಯಾಸ್ ಬಿಟ್ಟ ಕೂಡಲೇ ಹಿಮ ವಿಂಡ್‌ಶೀಲ್ಡ್ ಮೇಲೆ ಹರಿದು ಬರುತ್ತದೆ.

ನಮ್ಮವರಲ್ಲಿ ಹಲವರಿಗೆ ಇದರ ಕಾರಣ ಒಂದೇ: ಮೈತೂಕ. ನನ್ನ ತೂಕ 68 ಕೆಜಿ. ಬೂಟು, ಹೆಲ್ಮೆಟ್, ಬ್ಯಾಗ್, ಸಲಿಕೆ ಎಲ್ಲ ಸೇರಿ 80ರ ಹತ್ತಿರ. ನನಗೆ ಸ್ಲೆಡ್ ಮಾರಿದವರು 100 ಕೆಜಿ ಮೇಲಿದ್ದರು, ಹಿಂದಿನ ಸ್ಪ್ರಿಂಗನ್ನು ತಮಗೆ ಬೇಕಾದಷ್ಟು ಬಿಗಿ ಮಾಡಿಕೊಂಡಿದ್ದರು. ನಾನು ಕೂತರೆ ಹಿಂಭಾಗ ಕುಗ್ಗುತ್ತಲೇ ಇರಲಿಲ್ಲ. ಹಿಂದೆ ಎತ್ತರ, ಮುಂದೆ ತಗ್ಗು. ಭಾರ ಸ್ಕೀ ಮೇಲೆ ಬೀಳದೆ ಇನ್ನೆಲ್ಲಿ ಬೀಳಬೇಕು?

ಇದನ್ನು ಊಹೆ ಮಾಡಬೇಕಿಲ್ಲ, ಟೇಪ್ ಹಿಡಿದು ಅಳೆಯಬಹುದು. ಹಿಂದಿನ ಬಂಪರ್ ಹಿಡಿದು ಸಸ್ಪೆನ್ಷನ್ ಪೂರ್ತಿ ಬಿಚ್ಚಿಕೊಳ್ಳುವಷ್ಟು ಎತ್ತಿ, ನೆಲದಿಂದ ಬಂಪರ್‌ಗೆ ಎಷ್ಟಿದೆ ನೋಡಿ. ಆಮೇಲೆ ಪೂರ್ತಿ ಸಾಮಾನು ಹಾಕಿಕೊಂಡು ಸ್ಲೆಡ್ ಏರಿ, ಎರಡು ಸಲ ಕುಕ್ಕಿ, ನೀವು ಓಡಿಸುವ ಭಂಗಿಯಲ್ಲಿ ನಿಲ್ಲಿ. ಇನ್ನೊಬ್ಬರು ಅದೇ ಜಾಗ ಅಳೆಯಲಿ. ಎರಡರ ವ್ಯತ್ಯಾಸಕ್ಕೆ ಸ್ಯಾಗ್ ಎನ್ನುತ್ತಾರೆ. ನನ್ನದು ಒಂದೂವರೆ ಇಂಚು ಬಂತು, ಪ್ರಿಲೋಡ್ ಇಳಿಸಿ ಮೂರೂವರೆಗೆ ತಂದೆ. ಹ್ಯಾಂಡಲ್ ಹಗುರವಾದದ್ದು ಮೊದಲ ನೂರು ಗಜದಲ್ಲೇ ಗೊತ್ತಾಯಿತು. ನಿಮ್ಮ ಸ್ಲೆಡ್‌ಗೆ ಎಷ್ಟು ಬೇಕು ಎಂಬುದನ್ನು ಅದರ ಮ್ಯಾನ್ಯುಯಲ್‌ನಿಂದ ತೆಗೆದುಕೊಳ್ಳಿ. ಪ್ರಿಲೋಡ್ ಪೂರ್ತಿ ಇಳಿಸಿದರೂ ಸ್ಯಾಗ್ ಬರದಿದ್ದರೆ ಸ್ಪ್ರಿಂಗೇ ನಿಮಗೆ ಗಟ್ಟಿ. ಮೆದುವಾದ ಸ್ಪ್ರಿಂಗ್ ತರಿಸಬೇಕು.

ಸ್ಯಾಗ್ ಸರಿಯಿದ್ದೂ ಭಾರ ಅನ್ನಿಸಿದರೆ ಫ್ರಂಟ್ ಟ್ರ್ಯಾಕ್ ಶಾಕ್ ಸ್ವಲ್ಪ ಬಿಗಿ ಮಾಡಿ. ಅದು ಸ್ಲೆಡ್‌ನ ಮುಂಭಾಗವನ್ನು ಎತ್ತಿ ಸ್ಕೀ ಮೇಲಿನ ಭಾರ ಇಳಿಸುತ್ತದೆ. ಅದೂ ಆಗದಿದ್ದರೆ ಸ್ಟ್ರ್ಯಾಪ್ ಒಂದು ತೂತು ಉದ್ದ. ಇವೆರಡೂ ಗುಂಡಿ ತೋಡುವ ಕಡೆಗೆ ಎಳೆಯುತ್ತವೆ ಎನ್ನುವುದು ನೆನಪಿರಲಿ. ಒಂದು ಕಡೆ ಕೊಟ್ಟರೆ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದು ನಿಮ್ಮೂರಿನ ಹಿಮದ ಮೇಲೂ ನಿಂತಿದೆ. ಯೂಟಾದ ಹಿಮ ಒಣ, ಹಗುರ. ವಾಷಿಂಗ್ಟನ್‌ನ ಕ್ಯಾಸ್ಕೇಡ್ ಬೆಟ್ಟಗಳ ಹಿಮ ಒದ್ದೆ, ಭಾರ, ಸ್ಲೆಡ್ಡನ್ನು ಜಾಸ್ತಿ ಹೊರುತ್ತದೆ. ಅಲ್ಲಿಯ ಗೆಳೆಯರ ಸೆಟ್ಟಿಂಗನ್ನು ಸುಮ್ನೆ ನಕಲು ಮಾಡಿದರೆ ಇಲ್ಲಿ ಕೆಲಸ ಮಾಡದು.

ಲಕ್ಷಣ: ಪಕ್ಕಕ್ಕೆ ವಾಲಿಸಲು ಆಗುವುದಿಲ್ಲ, ಸೈಡ್‌ಹಿಲ್‌ನಲ್ಲಿ ನಿಲ್ಲುವುದಿಲ್ಲ

ಆಳ ಹಿಮದಲ್ಲಿ ಸ್ಲೆಡ್ಡನ್ನು ಹ್ಯಾಂಡಲ್‌ನಿಂದ ತಿರುಗಿಸುವುದಕ್ಕಿಂತ ವಾಲಿಸಿ ತಿರುಗಿಸುವುದೇ ಜಾಸ್ತಿ. ಸೈಕಲ್ ವಾಲಿಸಿದ ಹಾಗೆ. ಬೆಟ್ಟದ ಓರೆಯಲ್ಲಿ ಅಡ್ಡ ಹೋಗುವಾಗ ಮೇಲಿನ ಬದಿಯ ಹಲಗೆ ಮೇಲೆ ನಿಂತು, ಆ ಬದಿಯ ಸ್ಕೀ ಮತ್ತು ಟ್ರ್ಯಾಕ್ ಅಂಚನ್ನು ಹಿಮಕ್ಕೆ ಊರಿ ಸಾಗಬೇಕು.

ಸ್ಲೆಡ್ ವಾಲಲೇ ಒಪ್ಪದಿದ್ದರೆ ಮೊದಲು ಎಡ, ಬಲ ಸ್ಕೀ ಶಾಕ್‌ಗಳ ಗಾಳಿ ಅಥವಾ ಸ್ಪ್ರಿಂಗ್ ಬಿಗಿ ಸಮ ಇದೆಯೇ ನೋಡಿ. ಒಂದು ಬದಿಗೆ ಸಲೀಸಾಗಿ ವಾಲಿ ಇನ್ನೊಂದು ಬದಿಗೆ ಒಪ್ಪದಿದ್ದರೆ ಹೆಚ್ಚಾಗಿ ಇದೇ ಕಾರಣ. ಸಮ ಇದ್ದರೆ ಎರಡನ್ನೂ ಒಂದೇ ಅಳತೆಯಲ್ಲಿ ಸ್ವಲ್ಪ ಮೆತ್ತಗೆ ಮಾಡಿ. ಸ್ವೇ ಬಾರ್ ಇರುವ ಹಳೆಯ ಸ್ಲೆಡ್ ಆದರೆ ಅದನ್ನು ಬಿಚ್ಚಿ ಓಡಿಸಿ ನೋಡುವುದು ಒಳ್ಳೆಯದು. ಸ್ವೇ ಬಾರ್ ಇರುವುದೇ ವಾಲದಂತೆ ತಡೆಯಲು. ಬಿಚ್ಚಿದ ಮೇಲೆ ಟ್ರೇಲ್ ತಿರುವಿನಲ್ಲಿ ಸ್ಲೆಡ್ ಮೊದಲಿಗಿಂತ ಜಾಸ್ತಿ ವಾಲುತ್ತದೆ, ವೇಗ ತಗ್ಗಿಸಿ. ಎರಡು ಸ್ಕೀಗಳ ನಡುವಿನ ಅಗಲ ಬದಲಿಸಲು ಬರುವ ಸ್ಲೆಡ್ ಆದರೆ ಕಿರಿದು ಮಾಡಿ. ಅದು ಸುಲಭವಾಗಿ ಉರುಳುತ್ತದೆ.

ವಾಲುತ್ತದೆ, ಆದರೆ ಹಿಂಭಾಗ ಕಣಿವೆ ಕಡೆ ಜಾರುತ್ತದೆ ಎನ್ನುವವರು ಕಾಲಿನಿಂದ ಹಿಮ ಕೆದಕಿ ನೋಡಿ. ಮೇಲೆ ಆರು ಇಂಚು ಪುಡಿ, ಕೆಳಗೆ ಗಾಜಿನಂಥ ಗಟ್ಟಿ ಪದರ ಇದ್ದರೆ ಯಾವ ಶಾಕ್ ತಿರುಗಿಸಿದರೂ ಅದು ಜಾರುತ್ತದೆ. ಬೇರೆ ಜಾಗಕ್ಕೆ ಹೋಗಿ.

ಇನ್ನೊಂದು ಮಾತು. 2013ರ ಮಾದರಿಯಿಂದ ಬಂದ, ಸ್ಕೀ-ಡೂ ಬ್ರ್ಯಾಂಡ್‌ನ ಹಲವು ಸಮಿಟ್ ಸ್ಲೆಡ್‌ಗಳಲ್ಲಿ ಟಿ-ಮೋಷನ್ ಎಂಬ ಹಿಂದಿನ ಸಸ್ಪೆನ್ಷನ್ ಇದೆ. ಅದು ಅಕ್ಕಪಕ್ಕಕ್ಕೆ ಸ್ವಲ್ಪ ವಾಲಲೆಂದೇ ಮಾಡಿದ್ದು. ಹಿಂದೆ ಹಿಡಿದು ಅಲುಗಾಡಿಸಿ "ಬುಷ್ ಹೋಗಿದೆ" ಎಂದು ಬಿಚ್ಚಲು ಹೋಗಬೇಡಿ. ಕಟಕಟ ಸದ್ದು, ಲೋಹಕ್ಕೆ ಲೋಹ ತಾಗಿದ ಗುರುತು ಇದ್ದರೆ ಮಾತ್ರ ಅನುಮಾನ ಪಡಿ.

ಲಕ್ಷಣ: ಧಡ್ ಎಂದು ತಳ ಹೊಡೆಯುತ್ತದೆ, ಅಥವಾ ಹಿಂಭಾಗ ಒದೆಯುತ್ತದೆ

ಇವೆರಡನ್ನೂ ಜನ "ಗಟ್ಟಿ ಇದೆ" ಎಂದೇ ಹೇಳುತ್ತಾರೆ. ಆದರೆ ಎರಡರ ಮದ್ದು ಬೇರೆ.

ದೊಡ್ಡ ಗುಂಡಿಯಲ್ಲಿ ಮಾತ್ರ ಧಡ್ ಎಂದರೆ ಶಾಕ್ ಕೊನೆ ಮುಟ್ಟುತ್ತಿದೆ. ಸ್ಯಾಗ್ ನೋಡಿ, ಸರಿಯಿದ್ದರೆ ಕಂಪ್ರೆಷನ್ ಕ್ಲಿಕರ್ ಎರಡು ಕ್ಲಿಕ್ ಒಳಗೆ ತಿರುಗಿಸಿ. ಚಿಕ್ಕ ಚಿಕ್ಕ ಉಬ್ಬಿಗೂ ಬೆನ್ನು ನೋವು ಬಂದರೆ ಎರಡು ಕ್ಲಿಕ್ ಹೊರಗೆ. ಉಬ್ಬಿನ ನಂತರ ಹಿಂಭಾಗ ಸ್ಪ್ರಿಂಗಿನ ಹಾಗೆ ಎಗರಿ ನಿಮ್ಮನ್ನು ಮುಂದೆ ಎಸೆದರೆ ರಿಬೌಂಡ್, ಅಂದರೆ ಕುಗ್ಗಿದ ಶಾಕ್ ವಾಪಸ್ ಬಿಚ್ಚಿಕೊಳ್ಳುವುದು, ಬಹಳ ವೇಗವಾಗಿದೆ. ಸಾಲು ಸಾಲು ಉಬ್ಬುಗಳಲ್ಲಿ ಮೊದಲೆರಡು ಮೆತ್ತಗಿದ್ದು ಆಮೇಲೆ ಗಟ್ಟಿಯಾಗುತ್ತಾ ಹೋದರೆ ರಿಬೌಂಡ್ ಬಹಳ ನಿಧಾನ. ಶಾಕ್ ವಾಪಸ್ ಬಿಚ್ಚಿಕೊಳ್ಳುವಷ್ಟರಲ್ಲಿ ಮುಂದಿನ ಏಟು ಬಿದ್ದಿರುತ್ತದೆ. ರಿಬೌಂಡ್ ತಿರುಪು ಎಲ್ಲ ಶಾಕ್‌ನಲ್ಲೂ ಇರುವುದಿಲ್ಲ.

ಕ್ಲಿಕರ್ ತಿರುಗಿಸಿದರೂ ಏನೂ ವ್ಯತ್ಯಾಸ ಗೊತ್ತಾಗದಿದ್ದರೆ, ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ದೋಣಿಯ ಹಾಗೆ ತೂಗಾಡಿದರೆ, ಅಥವಾ ಶಾಕ್ ದಂಡದ ಮೇಲೆ ಎಣ್ಣೆ ಪಸೆ ಕಂಡರೆ, ಒಳಗಿನ ಎಣ್ಣೆ, ಸೀಲ್ ಮುಗಿದಿವೆ. ಅಲ್ಲಿಗೆ ನಮ್ಮ ಕೆಲಸ ನಿಲ್ಲುತ್ತದೆ.

ಲಕ್ಷಣ: ಟ್ರೇಲ್ ಮೇಲೆ ಮೂತಿ ಎಡಕ್ಕೆ ಬಲಕ್ಕೆ ಎಳೆಯುತ್ತದೆ

ಇದು ಹೆಚ್ಚಿನ ಸಲ ಸಸ್ಪೆನ್ಷನ್ ದೋಷವೇ ಅಲ್ಲ. ಸ್ಕೀ ಕೆಳಗಿನ ಕಾರ್ಬೈಡ್ (ಹಿಮ ಕಚ್ಚುವ ಗಟ್ಟಿ ಲೋಹದ ಅಂಚು) ಸವೆದಿದೆಯೇ ನೋಡಿ. ಸ್ಕೀ ಹಿಡಿದು ಅಲುಗಾಡಿಸಿ, ಅದನ್ನು ತಿರುಗಿಸುವ ಟೈ ರಾಡ್ ತುದಿ ಲೊಡಲೊಡ ಅಂದರೆ ಅದನ್ನು ಬದಲಿಸಿ. ಹ್ಯಾಂಡಲ್ ನೇರ ಇಟ್ಟು ಎರಡು ಸ್ಕೀಗಳ ನಡುವಿನ ಅಂತರವನ್ನು ಮುಂದೆ, ಹಿಂದೆ ಅಳೆಯಿರಿ. ಮುಂದೆ ಚೂರೇ ಚೂರು ಅಗಲ ಇರಬೇಕು, ಸಾಮಾನ್ಯವಾಗಿ ಕಾಲು ಇಂಚಿನ ಒಳಗೆ. ಒಂದು ಸ್ಕೀ ಮಾತ್ರ ಹೊರಗೆ ತಿರುಗಿದ್ದರೆ ಎಲ್ಲೋ ಮರಕ್ಕೋ ಕಲ್ಲಿಗೋ ತಾಗಿ ತೋಳು ಬಾಗಿದೆ.

ಬದಲಿಸಿದ್ದನ್ನು ಎಲ್ಲಿ ಪರೀಕ್ಷಿಸಬೇಕು

ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಜಾಗದಲ್ಲಿ, ಒಂದೇ ದಿನ, ಮುಂಚೆ ಒಮ್ಮೆ ಆಮೇಲೆ ಒಮ್ಮೆ ಓಡಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ.

ಆ ಜಾಗ ಸಮತಟ್ಟಾದ ಬಯಲು ಅಥವಾ ಮೆಲ್ಲಗಿನ ಇಳಿಜಾರು ಆಗಿರಲಿ. ಹೆಚ್ಚಿನ ಹಿಮಕುಸಿತಗಳು (ಅವಲಾಂಚ್) ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಲೆಡ್ ಏರುತ್ತದೋ ಇಲ್ಲವೋ ಎಂದು ನೋಡಲು ನಾವು ಹುಡುಕುವ ಇಳಿಜಾರೂ ಅದೇ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ. ಮೇಲೊಂದು ದೊಡ್ಡ ಇಳಿಜಾರು ಇದ್ದರೆ ಅದರ ಬುಡದ ಬಯಲೂ ಸುರಕ್ಷಿತವಲ್ಲ. ಹೊರಡುವ ಬೆಳಿಗ್ಗೆ ಯೂಟಾದಲ್ಲಿ ಯೂಟಾ ಅವಲಾಂಚ್ ಸೆಂಟರ್, ಕೆನಡಾದಲ್ಲಿ ಅವಲಾಂಚ್ ಕೆನಡಾ ಕೊಡುವ ಮುನ್ಸೂಚನೆ ಓದಿ. ಬೀಕನ್ (ಹಿಮದಲ್ಲಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಮೈಮೇಲೆ ಇರಲಿ, ಸ್ಲೆಡ್ ಮೇಲಲ್ಲ. ಫೋನನ್ನು ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಿ. ಗೆಳೆಯ ಕಡಿದಾದ ಇಳಿಜಾರಿನಲ್ಲಿ ಹೂತರೆ ಸಹಾಯಕ್ಕೆಂದು ಇನ್ನೊಂದು ಸ್ಲೆಡ್ ಏರಿಸಬೇಡಿ. ಇಳಿಜಾರಿನ ಮೇಲೆ ಒಂದು ಸಲಕ್ಕೆ ಒಬ್ಬರೇ. ಉಳಿದವರು ಹಿಮ ಉರುಳಿ ಬರದ ಕಡೆ ನಿಂತು ಕಣ್ಣಿಟ್ಟಿರಬೇಕು.

ಮೆಕ್ಯಾನಿಕ್ ಹತ್ತಿರ ಯಾವಾಗ

ಶಾಕ್ ಒಳಗಿನ ನೈಟ್ರೋಜನ್ ಒತ್ತಡದಲ್ಲಿರುತ್ತದೆ. ಶಾಕ್ ಬಿಚ್ಚುವುದು, ಸೀಲ್ ಹಾಕುವುದು ಮನೆಯ ಕೆಲಸವಲ್ಲ. ರೈಲ್ ಬಾಗಿದ್ದರೆ, ಟನಲ್ (ಟ್ರ್ಯಾಕ್ ಮೇಲಿನ ಲೋಹದ ಕವಚ) ಸುಕ್ಕುಗಟ್ಟಿದ್ದರೆ, ತೋಳಿನ ವೆಲ್ಡ್ ಬಿರಿದಿದ್ದರೆ ಅವತ್ತೇ ಓಡಿಸುವುದು ನಿಲ್ಲಿಸಿ. ಟ್ರ್ಯಾಕ್ ಎಷ್ಟು ಸರಿಮಾಡಿದರೂ ಒಂದೇ ಬದಿಗೆ ಸರಿಯುತ್ತಿದ್ದರೆ, ಒಂದೇ ಬದಿಯ ಹೈಫ್ಯಾಕ್ಸ್ ಬೇಗ ಸವೆಯುತ್ತಿದ್ದರೆ, ಸ್ಕಿಡ್ ಸೊಟ್ಟಗಾಗಿರುವ ಸಾಧ್ಯತೆ ಇದೆ. ಅದನ್ನು ಹೊರತೆಗೆದೇ ನೋಡಬೇಕು.

ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ. "ಸಸ್ಪೆನ್ಷನ್ ಸರಿಯಿಲ್ಲ" ಎಂದರೆ ಅವರು ಮೊದಲಿಂದ ಶುರು ಮಾಡಬೇಕಾಗುತ್ತದೆ, ಆ ಗಂಟೆಗಳಿಗೂ ಬಿಲ್ ನಿಮಗೇ. "ಸಾಮಾನು ಸೇರಿ ನಾನು 80 ಕೆಜಿ, ಸ್ಯಾಗ್ ಮೂರೂವರೆ ಇಂಚು, ಸ್ಟ್ರ್ಯಾಪ್ ಎರಡನೇ ತೂತಿನಲ್ಲಿದೆ, ಹಿಂದಿನ ಕ್ಲಿಕರ್ ಪೂರ್ತಿ ಒಳಗೆ ತಿರುಗಿಸಿದರೂ ತಳ ಹೊಡೆಯುತ್ತದೆ" ಎಂದರೆ ಅವರು ನೇರವಾಗಿ ಆ ಶಾಕ್‌ಗೇ ಕೈ ಹಾಕುತ್ತಾರೆ.